ಅಶ್ವತ್ಥನ ಹೆಸರು

"ಗುರುಗಳೇ, ನನ್ನ ಹೆಸರಿನ ಅರ್ಥವೇನು?"

ಅಶ್ವತ್ಥ ಇದನ್ನು ಕೇಳಿದಾಗ ಬಟ್ಟೆಯ ಗಂಟು ಅವನ ಹೆಗಲ ಮೇಲಿತ್ತು. ಒಳಗೆ ಸಹಪಾಠಿ ಕೇದಾರ ಜ್ವರದಲ್ಲಿ ನರಳುತ್ತಿದ್ದ. ಅಂಟುವ ಜ್ವರ. ಅದು ಬಂದಂದಿನಿಂದ ಮಠದ ಶಿಷ್ಯರಿಗೆಲ್ಲ ಒಬ್ಬೊಬ್ಬರಾಗಿ ತಮ್ಮ ತಮ್ಮ ಊರು ನೆನಪಾಗಿತ್ತು. ಉಳಿದವನು ಇವನೊಬ್ಬನೇ. ಗುರುಗಳಿಗೆ ಮುಪ್ಪು, ಕೈ ನಡುಗುತ್ತಿತ್ತು. ರೋಗಿಯನ್ನು ಎತ್ತಿ ಕೂರಿಸಿ ಗಂಜಿ ಕುಡಿಸುವುದು ಅವರೊಬ್ಬರಿಂದ ಆಗದ ಕೆಲಸ. ಅದು ಗೊತ್ತಿದ್ದರಿಂದಲೇ ಅಶ್ವತ್ಥನಿಗೆ ನೇರವಾಗಿ ಹೊರಡುತ್ತೇನೆ ಎನ್ನಲು ಬಾಯಿ ಬರಲಿಲ್ಲ.

ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದ: "ಅಶ್ವತ್ಥವೆಂದರೆ ಅರಳಿಮರ, ಎಲ್ಲರಿಗೂ ಗೊತ್ತು. ಆದರೆ ಪದದೊಳಗೆ ಕುದುರೆ ಇದೆ. ಓಡುವುದು ಕುದುರೆಯ ಧರ್ಮ. ಕೆಲವು ಪಂಡಿತರು 'ನಾಳೆ ಇರದದ್ದು' ಎಂದೂ ಬಿಡಿಸುತ್ತಾರೆ. ಹೇಗೆ ನೋಡಿದರೂ ನಾನು ಹೊರಡಬೇಕಾದವನೇ ಅಲ್ಲವೇ?"

ಗುರುಗಳು ಗಂಜಿಯ ಬಟ್ಟಲನ್ನು ಕೆಳಗಿಟ್ಟು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ತುಂಬು ಬಸುರಿ ಹೆಂಡತಿಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಕಾಡುದಾರಿಯಲ್ಲಿ ಹೋಗುತ್ತಿದ್ದ. ಜೊತೆಗೆ ಎತ್ತುಗಳ ಮೇಲೆ ಸರಕು ಹೇರಿಕೊಂಡ ಜನರಿದ್ದರು. ನಡುದಾರಿಯಲ್ಲಿ ಅವಳಿಗೆ ನೋವು ಬಂತು. ಒಂದು ಅರಳಿಮರದ ಕೆಳಗೆ ಇಳಿಸಿದರು. ಗಂಡುಮಗು ಹುಟ್ಟಿತು. ಅಷ್ಟರಲ್ಲಿ ಹತ್ತಿರದಲ್ಲೇ ಹುಲಿ ಗರ್ಜಿಸಿತು. ಎತ್ತುಗಳು ಬೆದರಿ ನುಗ್ಗಿದವು. ಜನ ಕಾಲಿಗೆ ಬುದ್ಧಿ ಹೇಳಿದರು. ವ್ಯಾಪಾರಿಯೂ ಓಡಿದ. ಹೆಂಡತಿಯೇ ನನ್ನ ಪ್ರಾಣ ಎನ್ನುತ್ತಿದ್ದವನಿಗೆ ತನ್ನ ಪ್ರಾಣ ಬೇರೆ ಇದೆ ಎಂಬುದು ಆಗ ತಿಳಿಯಿತು.

ಬಾಣಂತಿ ಏಳಲಾರಳು. ಕುದುರೆ ಅವಳಿಗೆ ಅಡ್ಡವಾಗಿ ನಿಂತಿತು. ಭಯಕ್ಕೆ ಅದರ ಮೈಯೆಲ್ಲ ನಡುಗುತ್ತಿತ್ತು. ಆದರೂ ನಿಂತಿತು. ನುಗ್ಗಿ ಬಂದ ಎತ್ತುಗಳು ಅದರ ಎರಡೂ ಪಕ್ಕದಿಂದ ಹಾದುಹೋದವು. ತಾಯಿ ಮಗು ಉಳಿದರು.

ಹುಲಿ ದೂರ ಸರಿದು ಗದ್ದಲ ಅಡಗಿದ ಮೇಲೆ ವ್ಯಾಪಾರಿ ತಲೆ ತಗ್ಗಿಸಿಕೊಂಡು ಮರಳಿದ. ಏನಾದರೂ ಮಾತಾಡಬೇಕಲ್ಲ ಎಂದು ಮಗುವನ್ನು ನೋಡುತ್ತ, "ಇವನಿಗೆ ಕುದುರೆಯ ಹೆಸರೇ ಇಡೋಣ. ಗಾಳಿಯ ಹಾಗೆ ಓಡಲಿ," ಎಂದ.

"ಓಡುವವರನ್ನು ಈಗತಾನೇ ನೋಡಿದೆ," ಎಂದಳು ಹೆಂಡತಿ. "ಕುದುರೆ ನಿಂತಿತಲ್ಲ, ಆ ಹೆಸರಿಡಿ."

ಅಶ್ವ ನಿಂತ ಕಡೆ ಹುಟ್ಟಿದವನು ಅಶ್ವತ್ಥನಾದ.

ಕತೆ ಮುಗಿಯಿತು. ಅಶ್ವತ್ಥ ಗಂಟನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಅವನಿಗೆ ನಾಚಿಕೆಯಾಗಿತ್ತು, ಸೋಲೊಪ್ಪಲು ಮಾತ್ರ ಮನಸ್ಸಿರಲಿಲ್ಲ.

"ಅದನ್ನು ಮರಕ್ಕೆ ಕಟ್ಟಿದ್ದರೇನೋ ಗುರುಗಳೇ. ಕಟ್ಟಿದ ಕುದುರೆ ನಿಲ್ಲದೆ ಇನ್ನೇನು ಮಾಡೀತು?"

ಒಳಗೆ ಕೇದಾರ ನೀರು ಕೇಳಿದ. ಗುರುಗಳು ಬಟ್ಟಲನ್ನು ಎತ್ತಿಕೊಂಡು ನಿಧಾನವಾಗಿ ಎದ್ದರು.

"ಕಟ್ಟುವ ಹಗ್ಗ ಓಡಿಹೋದವನ ಕೈಯಲ್ಲೇ ಇತ್ತು, ಮಗು."