ಕಂಡಿಯ ಪಕ್ಕದ ಗೋಡೆ

ಶ್ರೀರಂಗಪಟ್ಟಣದ ದ್ವೀಪಕ್ಕೆ ಬರುವವರು ಕೋಟೆ ಒಡೆದ ಜಾಗ ಎಲ್ಲಿ ಎಂದು ಕೇಳಿಕೊಂಡೇ ಬರುತ್ತಾರೆ. ಇಂಗ್ಲಿಷರ ಫಿರಂಗಿಗಳು ಕೊರೆದ ಆ ಕಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದ ಗೋಡೆ ಆ ಯುದ್ಧದಲ್ಲಿ ಬಿದ್ದಿರಲಿಲ್ಲ. ಅದನ್ನು ಯಾರೂ ನೋಡುತ್ತಿರಲಿಲ್ಲ.

ಒಂದು ದಿನ ಒಬ್ಬ ಹೆಂಗಸು ಗೈಡ್ ಬಾಷಾ ಸಾಬರನ್ನು ಕೇಳಿದಳು, "ಆ ಕಡೆ ಏನಿದೆ?"

"ಏನೂ ಇಲ್ಲಮ್ಮ, ಬರೀ ಗೋಡೆ."

ಗೋಡೆಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ತನ್ನ ಸಂದಿಯಲ್ಲಿ ಹುಟ್ಟಿದ್ದ ಅರಳಿ ಸಸಿಗೆ ಹೇಳಿತು, "ಬೇರು ಒಳಗೆ ಬಿಡು. ನಾನು ಬೀಳಬೇಕು."

"ಇಷ್ಟು ದಿನ ಬೇಡ ಬೇಡ ಅಂತಿದ್ದಿರಿ," ಎಂದಿತು ಸಸಿ.

"ನಿಂತವರಿಗೆ ಈ ಊರಲ್ಲಿ ಬೆಲೆಯಿಲ್ಲ."

ಪಕ್ಕದಿಂದ ಕಂಡಿ ಬಾಯಿ ಹಾಕಿತು. "ಅಣ್ಣಾ, ದುಡುಕಬೇಡ. ನಾನು ಬಿದ್ದಾಗ ಎದುರಿಗೆ ಒಂದು ಸೈನ್ಯ ಇತ್ತು."

"ನಿನಗೆ ಹೊಟ್ಟೆಕಿಚ್ಚು," ಎಂದಿತು ಗೋಡೆ.

ಸಸಿ ಗೋಡೆಯ ಮಾತು ಕೇಳಿತು. ಕೆಲವು ಮಳೆಗಾಲ ಕಳೆದ ಮೇಲೆ ಗೋಡೆ ಬಿತ್ತು. ಸದ್ದು ಚೆನ್ನಾಗಿಯೇ ಆಯಿತು. ಮೊದಲು ಬಂದವರು ಸುತ್ತ ಹಗ್ಗ ಕಟ್ಟಿ, 'ಹತ್ತಿರ ಬರಬೇಡಿ' ಎಂದು ಬೋರ್ಡು ನೆಟ್ಟು ಹೋದರು. ಗೋಡೆ ಭಾನುವಾರಕ್ಕೆ ಕಾಯಿತು.

ಭಾನುವಾರ ಬಾಷಾ ಸಾಬರು ಒಂದು ಕುಟುಂಬವನ್ನು ಕರೆತಂದರು. ಅವರ ಮಗಳು ಕಲ್ಲಿನ ರಾಶಿ ನೋಡಿ ನಿಂತಳು. "ಅಂಕಲ್, ಇದನ್ನೂ ಇಂಗ್ಲಿಷರೇ ಒಡೆದದ್ದಾ?"

ಕಲ್ಲುಗಳೆಲ್ಲ ಕಿವಿಯಾದವು.

"ಇಲ್ಲಮ್ಮ, ಅದು ತಾನಾಗೇ ಬಿತ್ತು," ಎಂದರು ಬಾಷಾ ಸಾಬರು. "ಈ ಕಡೆ ಬನ್ನಿ, ಕಂಡಿ ತೋರಿಸ್ತೀನಿ."