ಇನ್ನಾಸಮ್ಮನ ಮಡಿಲು

ಮಾರಗೊಂಡನಪೇಟೆಯ ಸಂತೆಮಾಳ ದಾಟಿ ಬಲಕ್ಕೆ ತಿರುಗಿದರೆ ಸಂತ ಅಂತೋಣಿಯವರ ದೇವಾಲಯ, ಅದರ ಬೆನ್ನಿಗೇ ಕ್ರೈಸ್ತರ ಸಮಾಧಿಭೂಮಿ. ಅದನ್ನು ಇಲ್ಲಿಯವರು ಕಲ್ಲರೆ ಎನ್ನುತ್ತಾರೆ. ಕಲ್ಲರೆಯ ಪಡುಗೋಡೆಯ ಆಚೆ, ಗೋಡೆಗೂ ಗಾಡಿದಾರಿಗೂ ನಡುವೆ, ಮುಳ್ಳುಕಂಟಿ ಕಿತ್ತು ಚೊಕ್ಕಟವಾಗಿಟ್ಟ ಒಂದು ಪಟ್ಟಿ ನೆಲವಿದೆ. ಅದಕ್ಕೆ ಇನ್ನಾಸಮ್ಮನ ಮಡಿಲು ಎಂದು ಹೆಸರು. ಹೆಸರು ಕೇಳಿದ ಹೊಸಬರು ಯಾವುದೋ ಹರಕೆಯ ಸ್ಥಳವಿರಬೇಕು, ಮಕ್ಕಳಾಗದವರು ಬಂದು ಬೇಡಿಕೊಳ್ಳುತ್ತಾರೇನೋ ಎಂದುಕೊಳ್ಳುವುದುಂಟು. ಊರಿನವರು ಅವರನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ತಿದ್ದಬೇಕಾದರೆ ಇಡೀ ಕಥೆ ಹೇಳಬೇಕು, ಆ ಕಥೆ ಸುಲಭವಾಗಿ ಬಾಯಿಗೆ ಬರುವಂಥದ್ದಲ್ಲ.

ಹಿಂದೆ ಒಮ್ಮೆ, ಈ ಪೇಟೆಗೆ ಸರಿಯಾದ ರಸ್ತೆಯೂ ಇಲ್ಲದ ಕಾಲದಲ್ಲಿ, ಕ್ರೈಸ್ತರ ಕೇರಿಯಲ್ಲಿ ಇನ್ನಾಸಮ್ಮನೆಂಬ ಹೆಂಗಸಿದ್ದಳು. ಗಂಡ ಚಿನ್ನಪ್ಪ ಗಾರೆ ಕೆಲಸದವನು. ಕಲ್ಲರೆಯ ಗೋಡೆ ಎಬ್ಬಿಸಿದವನೂ ಅವನೇ. ಇನ್ನಾಸಮ್ಮನ ಭಕ್ತಿಯನ್ನು ಕೇರಿಯವರು ಮೆಚ್ಚುತ್ತಲೂ ಇದ್ದರು, ಆಡಿಕೊಳ್ಳುತ್ತಲೂ ಇದ್ದರು. ಗಂಟೆ ಹೊಡೆಯುವವನು ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅವಳು ದೇವಾಲಯದ ಮೆಟ್ಟಿಲು ಗುಡಿಸಿ ಮುಗಿಸಿರುತ್ತಿದ್ದಳು. ಒಲೆಯ ಮೇಲಿನ ಹಿಟ್ಟು ಬೆಂದಿತೋ ಇಲ್ಲವೋ ಎಂಬುದನ್ನೂ ನನ್ನ ಹೆಂಡತಿ ಜಪದ ಲೆಕ್ಕದಲ್ಲೇ ನೋಡುತ್ತಾಳೆ ಎಂದು ಚಿನ್ನಪ್ಪ ಗೆಳೆಯರ ಮುಂದೆ ನಗುತ್ತಿದ್ದ. ಆ ನಗುವಿನಲ್ಲಿ ಹೆಮ್ಮೆಯೇ ಹೆಚ್ಚಿತ್ತು.

ಚೊಚ್ಚಲ ಹೆರಿಗೆ ತಿಂಗಳು ತುಂಬುವ ಮೊದಲೇ ಆಯಿತು. ಗಂಡುಮಗು, ಬೆಕ್ಕಿನ ಮರಿಯಷ್ಟು ದನಿ. ಗುರುಗಳು ದೂರದ ಹಳ್ಳಿಗಳ ಕಡೆ ಹೋಗಿದ್ದರು. ಮಗು ಉಳಿಯುವಂತಿಲ್ಲವೆಂದು ಕಂಡ ಚಿನ್ನಪ್ಪ, ಜ್ಞಾನಸ್ನಾನ ಕೊಡಿಸಲು ಗುರುಗಳಿಲ್ಲದಾಗ ಜಪ ನಡೆಸುವ ಹೊಳೆಯಾಚೆಯ ಉಪದೇಶಿಯನ್ನು ಕರೆತರಲು ಓಡಿದ. ತಲೆಗೆ ನೀರು ಹಾಕಿ ಹೆಸರಿಟ್ಟರೆ ಮಾತ್ರ ಮಗು ಸಭೆಗೆ ಸೇರಿದಂತೆ. ಸೇರದೆ ಸತ್ತರೆ ಅದಕ್ಕೆ ಸ್ವರ್ಗದ ಬಾಗಿಲೂ ಇಲ್ಲ, ಕಲ್ಲರೆಯ ಬಾಗಿಲೂ ಇಲ್ಲ ಎಂಬುದು ಆಗಿನ ಕಟ್ಟಳೆ. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಆ ನೀರು ಹಾಕಬಹುದು ಎಂಬುದೂ ಕಟ್ಟಳೆಯೇ. ಇನ್ನಾಸಮ್ಮನಿಗೆ ಅದು ತಿಳಿದಿತ್ತು. ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು, ಚೆಂಬಿನ ತುಂಬ ನೀರು ಪಕ್ಕದಲ್ಲೇ ಇತ್ತು. ಆದರೆ ಅವಳು ಹೆತ್ತ ಗಳಿಗೆಯ ಬಾಣಂತಿ. ಗುರುಗಳು ಬಾಗಿಲಿಗೆ ಬಂದು ಜಪ ಹೇಳಿ ಒಳಕ್ಕೆ ಕರೆದುಕೊಳ್ಳುವ ತನಕ ಬಾಣಂತಿ ದೇವಾಲಯದ ಹೊಸ್ತಿಲು ತುಳಿಯುವಂತಿರಲಿಲ್ಲ. ಹೊಸ್ತಿಲಿಗೇ ಆಗದ ಮೈಲಿಗೆ ಜ್ಞಾನಸ್ನಾನದ ನೀರಿಗೆ ಆದೀತೇ ಎಂದು ಹೆದರಿ ಅವಳು ಚೆಂಬು ಮುಟ್ಟಲಿಲ್ಲ. ಬೇರೆ ಕುಲದವಳಾದ, ಆ ಮಾತು ತಿಳಿಯದ ಸೂಲಗಿತ್ತಿ ಕೆಂಚಮ್ಮನಿಗೂ ನೋಡಲಾಗಲಿಲ್ಲ.

“ಅದೇನು ನೀರು ಹಾಕ್ಬೇಕೋ ಹಾಕ್ಬುಡವ್ವ, ಕೂಸು ತಡೆಯಂಗಿಲ್ಲ” ಎಂದಳು.

“ಮೈಲಿಗೆ ಕೈ ಕಣಮ್ಮ. ನಾನ್ ಹಾಕುದ್ರೆ ಕೆಟ್ಟೋಯ್ತದೆ. ಇನ್ನೇನು ಬಂದ್ಬುಡ್ತಾರೆ.”

ಉಪದೇಶಿ ಬಂದಾಗ ಮಗು ತಣ್ಣಗಾಗಿತ್ತು. ಚಿನ್ನಪ್ಪ ತಾನೇ ಕಟ್ಟಿದ ಗೋಡೆಯ ಹೊರಗೆ, ಪಾಯಕ್ಕೆ ಎಷ್ಟು ಹತ್ತಿರ ಅಗೆಯಲು ಸಾಧ್ಯವೋ ಅಷ್ಟು ಹತ್ತಿರ ಅಗೆದು ಮಗುವನ್ನು ಇಟ್ಟು ಬಂದ. ಕೆಲವು ದಿನಗಳ ಮೇಲೆ ಊರಿಗೆ ಮರಳಿದ ಗುರುಗಳು ಮನೆಗೆ ಬಂದು, ಎಲ್ಲ ಕೇಳಿ, “ನೀನೇ ಹಾಕಬಹುದಿತ್ತಲ್ಲಮ್ಮ, ದೇವರಿಗೆ ಯಾವ ಕೈಯಾದರೇನು?” ಎಂದರಂತೆ. ಸಮಾಧಾನಕ್ಕೇ ಹೇಳಿದ ಮಾತು. ಅದಕ್ಕಿಂತ ಕಠಿಣವಾದದ್ದನ್ನು ಆ ಹೆಂಗಸಿಗೆ ಯಾರೂ ಹೇಳಲಾರರು. ಹಾಗಾದರೆ ಈಗ ಮಗುವನ್ನು ಕಲ್ಲರೆಯ ಒಳಗೆ ತರಬಹುದೇ ಎಂದು ಅವಳು ಕೇಳಿದಳು. ಗುರುಗಳು ತಲೆಯಾಡಿಸಿ ಇಲ್ಲವೆಂದರು. ದೇವರಿಗಿಲ್ಲದ ಮೈಲಿಗೆ ಗೋಡೆಗೆ ಇತ್ತು. ಅವಳು ಗುರುಗಳಿಗೆ ಸ್ತೋತ್ರವೆಂದು ಕೈಮುಗಿದು ಒಳಗೆ ಹೋದಳು.

ಆಮೇಲೆ ಇನ್ನಾಸಮ್ಮನಿಗೆ ಇಬ್ಬರು ಗಂಡುಮಕ್ಕಳಾಗಿ ಬೆಳೆದರು. ಒಂದು ಭಾನುವಾರದ ಪೂಜೆಯನ್ನೂ ಅವಳು ತಪ್ಪಿಸಲಿಲ್ಲ. ಪೀಠದ ಬಟ್ಟೆ ಒಗೆದಳು, ಗಂಡನ ಸುಣ್ಣ ತಿಂದ ಅಂಗೈಗೆ ಎಣ್ಣೆ ಹಚ್ಚಿದಳು. ಕೇರಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಕರೆಯದೆಯೇ ಚೆಂಬು ಹಿಡಿದು ಹೋಗಿ ಮೂಲೆಯಲ್ಲಿ ಕೂರುತ್ತಿದ್ದಳು. ವಾಂತಿಭೇದಿ ಬಡಿದ ವರ್ಷ ಅವಳ ಕೈಯಿಂದ ಹೆಸರು ಪಡೆದು ಒಳಗೆ ಮಣ್ಣಾದ ಕೂಸುಗಳು ಎಷ್ಟೋ. ಪೂಜೆ ಬಿಟ್ಟ ಮೇಲೆ ಎಲ್ಲರೂ ಮನೆಯ ಕಡೆ ನಡೆದರೆ ಅವಳು ಮಾತ್ರ ಗೋಡೆ ಸುತ್ತಿಕೊಂಡು ಆಚೆಗೆ ಹೋಗಿ ಕೂತುಬರುತ್ತಿದ್ದಳು. ಚಿನ್ನಪ್ಪ ಒಂದು ಸಲವೂ ಜೊತೆಗೆ ಹೋಗಲಿಲ್ಲ, ಅವಳು ಬರುವ ಮುಂಚೆ ಉಣ್ಣಲೂ ಇಲ್ಲ. ಕಡೆಗೆ ಅವನು ತೀರಿಕೊಂಡಾಗ ಮಕ್ಕಳು ಕಲ್ಲರೆಯ ಒಳಗೆ ಮಾವಿನ ಮರದ ಕೆಳಗೆ ಮಣ್ಣು ಮಾಡಿ, ಪಕ್ಕದಲ್ಲಿ ತಾಯಿಗೆಂದು ಜಾಗ ಬಿಟ್ಟರು.

ಅವಳೂ ಹಾಸಿಗೆ ಹಿಡಿದಾಗ ಊರಿಗೆ ಬೇರೆ ಗುರುಗಳು ಬಂದಿದ್ದರು. ತನ್ನನ್ನು ಗೋಡೆಯ ಹೊರಗೆ ಇಡಬೇಕೆಂದು ಅವಳು ಕೇಳಿದಾಗ ಅವರು ಬೆಚ್ಚಿದರು. ಹೊರಗಿನ ನೆಲ ಮಂತ್ರಿಸಿದ್ದಲ್ಲ. ನೇಣು ಹಾಕಿಕೊಂಡವರನ್ನು ಹಾಕುವ ಜಾಗ. ಅಲ್ಲಿಗೆ ಗುರುಗಳು ಬರುವಂತಿಲ್ಲ, ಕಡೆಯ ಜಪವೂ ಇಲ್ಲ, ಇಷ್ಟು ಭಕ್ತಿಯಿಂದ ಬಾಳಿದವಳು ಸಾಯುವಾಗ ಅದನ್ನು ಕಳೆದುಕೊಳ್ಳುವುದೇ ಎಂದು ತಿಳಿಹೇಳಿದರು. ಹಿರಿಮಗ ಅರುಳಪ್ಪ ಕಾಲ ಬಳಿ ಕೂತು ಅತ್ತ.

“ಅಪ್ಪನ ಮಗ್ಗುಲಲ್ಲಿ ಜಾಗ ಐತಲ್ಲವ್ವ.”

“ನಿಮ್ಮಪ್ಪನ ಸುತ್ತಾ ಕೇರಿ ಜನವೆಲ್ಲ ಅವ್ರೆ ಕಣಪ್ಪ. ಗೋಡೆ ಆಚೆ ಆ ಕೂಸಿನ ತಾವ ಯಾರವ್ರೆ?”

ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದವಳು ಮರುದಿನ ಹೋದಳು.

ಮಕ್ಕಳು ಅವಳ ಮಾತು ಉಳಿಸಿ ಗೋಡೆಯ ಹೊರಗೇ ಮಣ್ಣು ಮಾಡಿದರು. ಗುರುಗಳು ಅಂದು ಗೋಡೆಯ ಒಳಬದಿಗೆ ನಿಂತು, ಆಚೆಗೆ ಕೇಳುವಂತೆ ಗಟ್ಟಿಯಾಗಿ ಜಪ ಹೇಳಿದರು ಎನ್ನುತ್ತಾರೆ; ಇಲ್ಲ, ತಮ್ಮ ಮನೆಯ ಬಾಗಿಲು ಹಾಕಿಕೊಂಡು ಒಳಗೇ ಇದ್ದರು ಎನ್ನುವವರೂ ಇದ್ದಾರೆ. ಅದೇ ವರ್ಷ ಕೇರಿಯ ನೇಕಾರ ದಾಸಪ್ಪನ ಹೆಣ್ಣುಕೂಸು ಸತ್ತೇ ಹುಟ್ಟಿತು. ನೀರು ಹಾಕಲು ಉಸಿರೇ ಇರಲಿಲ್ಲ. ಹೊರಗೆ ಹೂತು ಬಂದ ದಾಸಪ್ಪ ಕೈಕಾಲು ತೊಳೆಯದೆ ಬಾಗಿಲಲ್ಲೇ ನಿಂತ. ಎಲ್ಲಿ ಬಿಟ್ಟು ಬಂದೆ ಎಂದು ಹೆಂಡತಿ ಕೇಳಿದಳು. “ಇನ್ನಾಸಮ್ಮನ ಮಡಿಲಿಗೆ ಹಾಕ್ ಬಂದೆ” ಎಂದ. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದವಳು ಆಗ ಅತ್ತಳಂತೆ. ಆ ಹೆಸರು ಹೀಗೆ ನಿಂತಿತು, ಕೂಸು ಕಳೆದುಕೊಂಡ ಮನೆಯವರೆಲ್ಲ ಆಮೇಲೆ ಹಾಗೆಯೇ ಹೇಳಿದರು.

ಕಟ್ಟಳೆ ಈಗ ಸಡಿಲಾಗಿದೆ, ಅಂಥ ಕೂಸುಗಳಿಗೂ ಒಳಗೆ ಜಾಗ ಸಿಗುತ್ತದೆ. ಆದರೂ ನೋಡಲು ಹೋದವರಿಗೆ ಪಡುಗೋಡೆಯಾಚೆ ಒಂದು ಉದ್ದನೆಯ ದಿಬ್ಬವೂ ಅದಕ್ಕೆ ಒತ್ತಿಕೊಂಡಂತೆ ಎರಡೂ ಕಡೆ ಮೊಳದುದ್ದದ ಸಣ್ಣ ದಿಬ್ಬಗಳೂ ಕಾಣುತ್ತವೆ. ಸಣ್ಣವಕ್ಕೆ ಶಿಲುಬೆಯಿಲ್ಲ, ಹೆಸರಿಲ್ಲ. ಅವುಗಳಲ್ಲಿ ಅವಳ ಮಗನದು ಯಾವುದು ಎಂದು ಕೇಳಿದರೆ ಹೇಳಬಲ್ಲವರು ಈಗ ಊರಿನಲ್ಲಿ ಯಾರೂ ಇಲ್ಲ.