ಬಂಡೆ ಸುತ್ತಿದ ಇರುವೆಗಳು

ಮಕ್ಕಳೇ, ಕಾಡಿನ ಹೊಂಗೆ ಮರದ ಬುಡದಲ್ಲಿ ಇರುವೆಗಳದ್ದೊಂದು ವಿಶ್ವವಿದ್ಯಾಲಯವಿತ್ತು. ನಗಬೇಡಿ, ನಿಜವಾಗಿಯೂ ಇತ್ತು! ಕೊನೆಯ ಪರೀಕ್ಷೆಯ ದಿನ ದುಂಬಿ ಮೇಷ್ಟ್ರು ಎಲ್ಲೋ ಒಂದು ಕಡೆ ಬೆಲ್ಲದುಂಡೆ ಬಚ್ಚಿಡುತ್ತಿದ್ದರು. ಮೀಸೆ ಎತ್ತಿ, ಗಾಳಿಯಲ್ಲಿ ವಾಸನೆ ಹಿಡಿದು, ಸೂರ್ಯ ಮುಳುಗುವುದರೊಳಗೆ ಅದನ್ನು ಮುಟ್ಟಬೇಕು. ಒಬ್ಬರ ಹಿಂದೆ ಒಬ್ಬರು ಹೋಗುವ ಹಾಗಿಲ್ಲ.

ಕೆಂಚಿ ಎಂಬ ಇರುವೆಗೆ ಎದೆ ಡವಡವ. ವರ್ಷವಿಡೀ ಜೀರುಂಡೆಯ ಹಾಡು ಕೇಳುತ್ತ ಕೂತವಳು ಒಂದು ದಿನವೂ ಮೀಸೆ ಎತ್ತಿರಲಿಲ್ಲ. ಚಿಕ್ಕಮ್ಮ ಬೇರೆ, "ನಮ್ಮ ಮನೆತನದಲ್ಲಿ ಫೇಲಾದವರೇ ಇಲ್ಲ. ಮರ್ಯಾದೆ ಉಳಿಸು ತಾಯಿ!" ಎಂದು ಹೇಳಿ ಕಳಿಸಿದ್ದಳು.

ಗೆಳತಿ ಸಾಕವ್ವ ಪಿಸುಗುಟ್ಟಿದಳು. "ಅಯ್ಯೋ, ಸುಮ್ಮನೆ ಪುಟ್ಟಿಯ ಹಿಂದೆ ಹೋಗೇ. ಅವಳು ಬಲು ಜಾಣೆ. ಎಲ್ಲರೂ ಮಾಡೋದು ಹೀಗೇ. ಮೇಷ್ಟ್ರು ಆಗಲೇ ಗೊರಕೆ ಹೊಡೀತಿದ್ದಾರೆ, ನೋಡು!"

ಕೆಂಚಿ ಪುಟ್ಟಿಯ ಬೆನ್ನು ಹಿಡಿದಳು. ಸಾಕವ್ವ ಕೆಂಚಿಯ ಬೆನ್ನು ಹಿಡಿದಳು. ಉಳಿದವರೂ ಹಾಗೇ ಒಬ್ಬರ ಬೆನ್ನು ಒಬ್ಬರು ಹಿಡಿದರು. ಒಂದು ಬಂಡೆ ಬಂತು. ಅದರ ಸುತ್ತ ಹೋದರು, ಹೋದರು, ಹೋಗುತ್ತಲೇ ಇದ್ದರು. ದಾರಿಯಲ್ಲಿ ಬಿದ್ದಿದ್ದ ಹಳದಿ ಎಲೆ ಮತ್ತೆ ಮತ್ತೆ ಎದುರಾಯಿತು. ಬಿಸಿಲೂ ಇಳಿಯಿತು.

"ಲೇ ಪುಟ್ಟಿ, ಬೆಲ್ಲ ಎಲ್ಲೇ?" ಎಂದಳು ಕೆಂಚಿ.

"ನನಗೇನೇ ಗೊತ್ತು? ತಡಿ, ಮುಂದಿರೋಳನ್ನ ಕೇಳ್ತೀನಿ."

ಪ್ರಶ್ನೆ ಒಬ್ಬಳಿಂದ ಒಬ್ಬಳಿಗೆ ದಾಟುತ್ತ ಬಂಡೆಯ ಆಚೆ ಹೋಯಿತು. ಸ್ವಲ್ಪ ಹೊತ್ತಿಗೆ ಸಾಕವ್ವ ಹಿಂದಿನಿಂದ ತಿವಿದಳು. "ಕೆಂಚಿ, ಬೆಲ್ಲ ಎಲ್ಲೇ? ಹಿಂದಿನವರು ಕೇಳ್ತಿದ್ದಾರೆ!"

ಕೆಂಚಿ ಗಕ್ಕನೆ ನಿಂತಳು. ಹಿಂದಿನವರೆಲ್ಲ ಒಬ್ಬರ ಮೇಲೊಬ್ಬರು ದಬದಬ ಬಿದ್ದರು.

"ಥೂ, ನಮ್ಮ ಬುದ್ಧಿಗಿಷ್ಟು! ಎಲ್ಲರೂ ಎಲ್ಲರ ಹಿಂದೆ ಹೋಗ್ತಿದ್ದೀವಲ್ರೇ!" ನಾಚಿಕೆಯಿಂದ ಅವಳ ಮುಖ ಕೆಂಪಾಯಿತು. ಕೆಂಪಿರುವೆಯಾದ್ದರಿಂದ ಯಾರಿಗೂ ಕಾಣಲಿಲ್ಲ, ಬಿಡಿ.

ಅವಳು ಸಾಲು ಬಿಟ್ಟು ಮೀಸೆ ಎತ್ತಿದಳು. ಮೊದಲು ಬರೀ ಮಣ್ಣಿನ ವಾಸನೆ. ಆಮೇಲೆ ಏನೋ ಸಿಹಿ! ಎಲ್ಲಿಂದ? ಮೇಲಿಂದ! ಬೆಳಗಿನಿಂದ ಸುತ್ತಿದ ಬಂಡೆಯ ನೆತ್ತಿಯ ಮೇಲೇ ಬೆಲ್ಲದುಂಡೆ ಕೂತಿತ್ತು. ಕೆಂಚಿ ಏದುಸಿರು ಬಿಡುತ್ತ ಹತ್ತಿ ಅದನ್ನು ಮುಟ್ಟುವಷ್ಟರಲ್ಲಿ ಸೂರ್ಯ ಮುಳುಗಿದ್ದ.

ಅಷ್ಟೂ ಜನ ಫೇಲು. ಕೆಂಚಿಯೂ ಫೇಲು.

ಬೆಲ್ಲದ ಚೂರು ಹೊತ್ತು ಮನೆಗೆ ಬಂದವಳು ತಲೆ ತಗ್ಗಿಸಿ ಹೇಳಿದಳು. "ಫೇಲಾದೆ ಚಿಕ್ಕಮ್ಮ. ಕಾಪಿ ಹೊಡೆಯೋಕೆ ಹೋಗಿ ಕೆಟ್ಟೆ. ಆದರೆ ಇದು ಮಾತ್ರ ನಾನೇ ಹುಡುಕಿದ್ದು."

ಚಿಕ್ಕಮ್ಮ ಬೈಯಲು ಬಾಯಿ ತೆರೆದಳು. ಕೆಂಚಿ ಥಟ್ಟನೆ ಬೆಲ್ಲವನ್ನು ಆ ಬಾಯಿಗೇ ಹಾಕಿದಳು. ಚಿಕ್ಕಮ್ಮ ಚಪ್ಪರಿಸಿದಳು, ಇನ್ನೊಮ್ಮೆ ಚಪ್ಪರಿಸಿದಳು.

"ಹಾಳಾದ್ದು, ಎಷ್ಟು ಸಿಹಿಯಾಗಿದೆಯೇ! ಮುಂದಿನ ವರ್ಷ ಸೂರ್ಯ ಮುಳುಗೋದಕ್ಕೆ ಮುಂಚೆ ತಾ."

ನೀತಿ: ನಕಲು ಮಾಡಿ ಗೆಲ್ಲಲು ಹೊರಟವರು ಇದ್ದಲ್ಲೇ ಸುತ್ತುತ್ತಾರೆ, ತಾವೇ ಕಲಿತದ್ದು ತಡವಾದರೂ ಕೈ ಹಿಡಿಯುತ್ತದೆ.